ಬೆಗೋನಿಯಾ ಗಿಡಗಳನ್ನು ಬೇರೆಡೆಗೆ ನಾಟಿ ಮಾಡುವಾಗ ಬೇರನ್ನು ಎಷ್ಟರಮಟ್ಟಿಗೆ ಬಿಡಿಸಬೇಕು?

ಹೂಬಳ್ಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತೋಟದಲ್ಲಿ ನಾಲ್ಕು ಬಗೆಯ ಬೆಗೋನಿಯಾಗಳು ಈಗ ಕುಂಡಗಳಲ್ಲಿವೆ. ಹೊಳಪಿನ ಸಣ್ಣ ಎಲೆಗಳ, ಸದಾ ಹೂ ಬಿಡುವ ಗಿಡ್ಡ ತಳಿಯ ಸಸಿಗಳು ಒಂದಷ್ಟು. ಗಿಣ್ಣುಗಳುಳ್ಳ ನೀಳ ಕಾಂಡದ, ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ ಎತ್ತರದ ಗಿಡವೊಂದು. ಬಣ್ಣದ ಎಲೆಗಾಗಿಯೇ ಬೆಳೆಸುವ ರೆಕ್ಸ್ ಒಂದು. ಮತ್ತು ದೊಡ್ಡ ಹೂಗಳನ್ನು ಬಿಟ್ಟು ಮುಗಿಸಿ, ಈಗ ಎಲೆಗಳೆಲ್ಲ ಹಳದಿಯಾಗಿ ಉದುರುತ್ತಿರುವ ಗೆಡ್ಡೆಯ ಬೆಗೋನಿಯಾ ಒಂದು.

ಗಿಡ್ಡ ತಳಿಯವನ್ನು ಕುಂಡದಿಂದ ತೆಗೆದು ಬೆಳಗಿನ ಬಿಸಿಲು ಮಾತ್ರ ಬೀಳುವ ಪಾತಿಯಲ್ಲಿ ನೆಡಬೇಕೆಂದಿದ್ದೇನೆ. ಉಳಿದವನ್ನು ದೊಡ್ಡ ಕುಂಡಗಳಿಗೆ ಬದಲಾಯಿಸುವ ಯೋಚನೆಯಿದೆ. ಎತ್ತರದ ಗಿಡದ ಕುಂಡಕ್ಕೆ ನೀರು ಹಾಕಿದರೆ ಅದು ನಿಲ್ಲದೆ ನೇರವಾಗಿ ಕೆಳಗಿನ ರಂಧ್ರದಿಂದ ಹೊರಬರುತ್ತಿದೆ, ರಂಧ್ರದಲ್ಲಿ ಬೇರುಗಳೂ ಕಾಣುತ್ತಿವೆ. ರೆಕ್ಸ್ ಗಿಡದ ದಪ್ಪ ಕಾಂಡವು ಕುಂಡದ ಅಂಚನ್ನು ದಾಟಿ ಹೊರಗೆ ಬಾಗಿದೆ.

ಸಲಹೆಗಳು ಒಂದಕ್ಕೊಂದು ವಿರುದ್ಧವಾಗಿ ಸಿಗುತ್ತಿವೆ. ಬೇರುಗಳನ್ನು ಚೆನ್ನಾಗಿ ಬಿಡಿಸಿ, ಹಳೆಯ ಮಣ್ಣನ್ನೆಲ್ಲ ಉದುರಿಸಿಯೇ ನೆಡಬೇಕೆಂದು ಕೆಲವರು ಹೇಳುತ್ತಾರೆ. ಬೇರನ್ನು ಮುಟ್ಟಲೇಬಾರದೆಂದು ಇನ್ನು ಕೆಲವರು. ಪದೇ ಪದೇ ಬದಲಾಯಿಸುವ ಕಷ್ಟವೇಕೆ, ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕಿಬಿಡಿ ಎಂಬ ಮಾತೂ ಕೇಳಿಬಂತು. ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎನ್ನುವುದು ಎಷ್ಟು ನಿಜ? ಗೆಡ್ಡೆಯ ಗಿಡವನ್ನು ಈಗಲೇ ಬದಲಾಯಿಸಬೇಕೇ, ಕಾಯಬೇಕೇ? ಬೆಳೆಸಿ ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಎಲೆಬಣ್ಣ

ಹೂಬಳ್ಳಿ ಅವರೇ, ನಿಮ್ಮ ನಾಲ್ಕು ಗಿಡಗಳಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ನಾಲ್ಕಕ್ಕೂ ಸಾಮಾನ್ಯವಾದ ಒಂದು ಸಂಗತಿಯಿದೆ, ಅದನ್ನು ಮೊದಲು ಹೇಳುತ್ತೇನೆ. ಬೆಗೋನಿಯಾ ಕುಲದಲ್ಲಿ 2000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಅವುಗಳಲ್ಲಿ ಬಹುಪಾಲು ಉಷ್ಣವಲಯದ ಮತ್ತು ಅದರ ಆಸುಪಾಸಿನ ತೇವದ ಕಾಡುಗಳಲ್ಲಿ, ತರಗೆಲೆಗಳ ತೆಳುವಾದ ಪದರದಲ್ಲಿ, ಬಂಡೆಗಳ ಸಂದಿನಲ್ಲಿ, ಕೆಲವಂತೂ ಪಾಚಿ ಹಿಡಿದ ಮರದ ಕಾಂಡದ ಮೇಲೆಯೇ ಬೆಳೆಯುತ್ತವೆ. ಅಂಥ ಜಾಗದಲ್ಲಿ ಬೇರು ಆಳಕ್ಕೆ ಇಳಿಯುವ ಅಗತ್ಯವೂ ಇಲ್ಲ, ಅವಕಾಶವೂ ಇಲ್ಲ. ಆದ್ದರಿಂದ ಬೆಗೋನಿಯಾದ ಬೇರುಗಳು ಕೂದಲೆಳೆಯಷ್ಟು ಸಣ್ಣವು, ಮೇಲುಮೇಲಕ್ಕೇ ಹರಡಿಕೊಳ್ಳುವಂಥವು, ಮತ್ತು ಅವುಗಳಿಗೆ ತೇವದಷ್ಟೇ ಗಾಳಿಯೂ ಬೇಕು.

ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕಬೇಡಿರೆಂದು ಒತ್ತಿ ಹೇಳಲು ಇದೇ ಕಾರಣ. ಬೇರು ಇನ್ನೂ ತಲುಪಿರದ ಮಣ್ಣಿನಲ್ಲಿ ನೀರನ್ನು ಹೀರಿಕೊಳ್ಳುವವರು ಯಾರೂ ಇರುವುದಿಲ್ಲ. ಆ ಮಣ್ಣು ದಿನಗಟ್ಟಲೆ ಹಸಿಯಾಗಿಯೇ ಉಳಿದು, ಅದರೊಳಗಿನ ಗಾಳಿಯ ಜಾಗವೆಲ್ಲ ನೀರಿನಿಂದ ತುಂಬಿ, ಬೇರು ಕೊಳೆಸುವ ಶಿಲೀಂಧ್ರಗಳಿಗೆ ಅನುಕೂಲವಾಗುತ್ತದೆ. ಹೊಸ ಕುಂಡದ ಬಾಯಿಯ ಅಗಲ ಹಳೆಯದಕ್ಕಿಂತ 2.5ರಿಂದ 5 ಸೆಂಟಿಮೀಟರ್ ಹೆಚ್ಚಿದ್ದರೆ ಸಾಕು. ಆಳಕ್ಕಿಂತ ಅಗಲ ಹೆಚ್ಚಿರುವ ಕುಂಡ ಇನ್ನೂ ಒಳ್ಳೆಯದು, ರೆಕ್ಸ್‌ಗಂತೂ ಅದೇ ಸರಿ. ಪದೇ ಪದೇ ಬದಲಾಯಿಸುವ ಶ್ರಮ ನಿಜ. ಆದರೂ ಬೆಗೋನಿಯಾ ವಿಷಯದಲ್ಲಿ ಆ ಶ್ರಮವನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬೇರು ಬಿಡಿಸುವ ಪ್ರಶ್ನೆಗೆ ಉತ್ತರವನ್ನು ಗಿಡವೇ ಹೇಳುತ್ತದೆ, ನಾವು ನೋಡಬೇಕಷ್ಟೆ. ಹಿಂದಿನ ದಿನವೇ ಹದವಾಗಿ ನೀರು ಹಾಕಿಡಿ. ಮರುದಿನ ಕಾಂಡದ ಬುಡವನ್ನು ಎರಡು ಬೆರಳುಗಳ ನಡುವೆ ಬರುವಂತೆ ಅಂಗೈಯನ್ನು ಮಣ್ಣಿನ ಮೇಲಿಟ್ಟು, ಕುಂಡವನ್ನು ಬೋರಲಾಗಿಸಿ ಅಂಚನ್ನು ಮೆಲ್ಲಗೆ ತಟ್ಟಿದರೆ ಇಡೀ ಹೆಂಟೆ, ಅಂದರೆ ಬೇರು ಹಿಡಿದಿರುವ ಮಣ್ಣಿನ ಮುದ್ದೆ, ಕೈಗೆ ಬರುತ್ತದೆ. ಕಾಂಡವನ್ನು ಹಿಡಿದು ಎಳೆಯಬೇಡಿ. ಬೆಗೋನಿಯಾದ ಕಾಂಡದಲ್ಲಿ ನೀರಿನ ಅಂಶ ಬಹಳ, ಸ್ವಲ್ಪ ಎಳೆದರೂ ಬುಡದಲ್ಲಿ ಮುರಿಯುತ್ತದೆ. ಈಗ ಹೆಂಟೆಯ ಹೊರಮೈ ನೋಡಿ. ಬಿಳಿ ಅಥವಾ ತಿಳಿಕೆನೆ ಬಣ್ಣದ ಸಣ್ಣ ಬೇರುಗಳು ಒಂದು ಹದದಲ್ಲಿ ಹರಡಿದ್ದರೆ ಏನನ್ನೂ ಮಾಡದೆ ಹಾಗೆಯೇ ಹೊಸ ಕುಂಡದೊಳಗೆ ಇಡಿ. ಬೇರುಗಳು ತಳದಲ್ಲಿ ಸುತ್ತಿ ಸುತ್ತಿ ಚಾಪೆಯಂತಾಗಿದ್ದರೆ ಆ ಚಾಪೆಯನ್ನು ಮಾತ್ರ ಬೆರಳ ತುದಿಯಿಂದ ಸಡಿಲಗೊಳಿಸಿ. ಬೇರುಗಳು ಕಂದು ಬಣ್ಣಕ್ಕೆ ತಿರುಗಿ, ಒಂದನ್ನು ಹಿಡಿದು ಜಗ್ಗಿದಾಗ ಮೇಲಿನ ಸಿಪ್ಪೆ ಜಾರಿಬಂದು ಒಳಗಿನ ಸಣ್ಣ ದಾರ ಮಾತ್ರ ಉಳಿಯುತ್ತಿದ್ದರೆ, ಅದು ಕೊಳೆತ ಬೇರು. ಹಳೆಯ ಮಣ್ಣನ್ನು ಪೂರ್ತಿ ಉದುರಿಸಬೇಕಾದದ್ದು ಆಗ ಮಾತ್ರ. ಕೊಳೆತ ಭಾಗವನ್ನು ಶುಚಿಯಾದ ಕತ್ತರಿಯಿಂದ ತೆಗೆದು, ಉಳಿದ ಬೇರಿನ ಪ್ರಮಾಣಕ್ಕೆ ಹೊಂದುವಂತೆ ಚಿಕ್ಕ ಕುಂಡಕ್ಕೇ ಹಾಕಬೇಕು.

ಬೇರಿನ ಮೇಲೆ ಸಣ್ಣ ಗಂಟುಗಳು ಕಂಡರೆ ಎಚ್ಚರ ವಹಿಸಿ. ಅವರೆ, ಹುರುಳಿಗಳ ಬೇರಿನಲ್ಲಿ ಗಂಟು ಸಹಜ, ಬೆಗೋನಿಯಾದಲ್ಲಿ ಸಹಜವಲ್ಲ. ಅದು ಬೇರುಗಂಟು ಜಂತುಹುಳುವಿನ ಗುರುತು. ಅಂಥ ಗಿಡದ ಮಣ್ಣನ್ನು ಬೇರೆ ಯಾವ ಕುಂಡಕ್ಕೂ, ಪಾತಿಗೂ ಸೇರಿಸಬಾರದು. ಗಿಡ ಅಪರೂಪದ್ದಾಗಿದ್ದರೆ ಮೇಲಿನ ಆರೋಗ್ಯವಂತ ತುದಿಯನ್ನು ಕತ್ತರಿಸಿ ಹೊಸದಾಗಿ ಬೇರು ಬರಿಸಿಕೊಳ್ಳುವುದು ಸುರಕ್ಷಿತ ಮಾರ್ಗ.

ಮಣ್ಣಿನ ಮಿಶ್ರಣಕ್ಕೆ ನಾನು ಬಳಸುವುದು ತೆಂಗಿನ ನಾರಿನ ಪುಡಿ ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಒಂದು ಪಾಲು. ಪರ್ಲೈಟ್ ಇಲ್ಲದಿದ್ದರೆ ದಪ್ಪ ಮರಳೂ ಆಗುತ್ತದೆ. ನಯವಾದ ಮರಳು ಬೇಡ, ಅದು ಸಂದುಗಳನ್ನು ಮುಚ್ಚಿಬಿಡುತ್ತದೆ. ನಾರಿನ ಪುಡಿಯನ್ನು ಉಪ್ಪಿನ ಅಂಶ ಹೋಗುವಂತೆ ಮೊದಲು ತೊಳೆದುಕೊಳ್ಳಿ. ಬೆಗೋನಿಯಾಕ್ಕೆ ಸ್ವಲ್ಪ ಹುಳಿ ಗುಣದ ಮಣ್ಣು, ಅಂದರೆ ಪಿಎಚ್ ಮಟ್ಟ 5.5ರಿಂದ 6.5ರವರೆಗೆ ಇರುವುದು ಹಿತ. ಆದ್ದರಿಂದ ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಬೆರೆಸಬೇಡಿ.

ನೆಡುವ ವಿಧಾನದಲ್ಲಿ ಒಂದು ಉಪಾಯ ಬಹಳ ಉಪಯುಕ್ತ. ಹೊಸ ಕುಂಡದ ತಳಕ್ಕೆ ಸ್ವಲ್ಪ ಮಿಶ್ರಣ ಹಾಕಿ, ಅದರ ಮೇಲೆ ಗಿಡ ತೆಗೆದ ಹಳೆಯ ಖಾಲಿ ಕುಂಡವನ್ನೇ ಇಟ್ಟು, ಸುತ್ತಲಿನ ಸಂದಿಯನ್ನು ಮಿಶ್ರಣದಿಂದ ತುಂಬಿಸಿ. ಬಳಿಕ ಹಳೆಯ ಕುಂಡವನ್ನು ಮೆಲ್ಲಗೆ ತಿರುಗಿಸುತ್ತಾ ಮೇಲೆತ್ತಿದರೆ ಗಿಡದ ಹೆಂಟೆಗೆ ಸರಿಯಾದ ಗುಳಿಯೊಂದು ಉಳಿದಿರುತ್ತದೆ. ಎಲೆ, ಕಾಂಡಗಳಿಗೆ ಕೈ ತಗಲದಂತೆ ಹೆಂಟೆಯನ್ನು ಅದರೊಳಗೆ ಇಳಿಸಬಹುದು. ಮಣ್ಣಿನ ಮಟ್ಟ ಮೊದಲಿದ್ದಷ್ಟೇ ಇರಲಿ. ಬುಡಕ್ಕೆ ಹೆಚ್ಚು ಮಣ್ಣು ಏರಿಸಿದರೆ ಕಾಂಡ ಕೊಳೆಯುತ್ತದೆ, ಗಟ್ಟಿಯಾಗಿ ಒತ್ತಿದರೆ ಗಾಳಿಯ ಜಾಗ ಹೋಗುತ್ತದೆ.

ಹಸಿರಂಗಳ

ಎಲೆಬಣ್ಣ ಅವರು ಕುಂಡದ ವಿಷಯದಲ್ಲಿ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಗಿಡ್ಡ ತಳಿಯ ಸಸಿಗಳನ್ನು ನೆಲಕ್ಕೆ ಇಳಿಸುವಾಗ ಸ್ವಲ್ಪ ಬೇರೆ ರೀತಿಯಲ್ಲಿ ಯೋಚಿಸಬೇಕಾಗುತ್ತದೆ. ಕುಂಡದಿಂದ ಕುಂಡಕ್ಕೆ ಹೋಗುವ ಗಿಡಕ್ಕೆ ಒಳಗೂ ಹೊರಗೂ ಒಂದೇ ಬಗೆಯ ಮಿಶ್ರಣ ಸಿಗುತ್ತದೆ. ನೆಲಕ್ಕೆ ಹೋಗುವ ಸಸಿಯ ಹೆಂಟೆ ಹಗುರವಾದ ನಾರಿನ ಪುಡಿಯದು, ಸುತ್ತಲಿನದು ಭಾರವಾದ ಮಣ್ಣು. ಜಿಗುಟಾದ ಮಣ್ಣಿನಲ್ಲಿ ಒಂದೊಂದು ಸಸಿಗೆ ಒಂದೊಂದು ಗುಂಡಿ ತೋಡಿ, ಗುಂಡಿಯೊಳಗೆ ಮಾತ್ರ ಗೊಬ್ಬರದ ಮಿಶ್ರಣ ತುಂಬಿದರೆ ಮಳೆಯ ನೀರೆಲ್ಲ ಅಲ್ಲಿಗೇ ಇಳಿದು ನಿಲ್ಲುತ್ತದೆ. ಬಿಸಿಲಿನ ದಿನಗಳಲ್ಲಿ ಇದಕ್ಕೆ ತದ್ವಿರುದ್ಧ: ಸುತ್ತಲಿನ ಮಣ್ಣು ತೇವವಾಗಿ ಕಂಡರೂ ಹೆಂಟೆಯೊಳಗೆ ನೀರು ಸೇರದೆ ಒಣಗಿರುತ್ತದೆ. ಗಿಡ ಬಾಡಿದ್ದೇಕೆಂದು ತಿಳಿಯದೆ ಎಷ್ಟೋ ಮಂದಿ ಇಲ್ಲಿ ದಾರಿ ತಪ್ಪುತ್ತಾರೆ.

ಆದ್ದರಿಂದ ಪಾತಿ ಇಡಿಯಾಗಿ ಸಿದ್ಧವಾಗಬೇಕು. ಮೇಲಿನ 15ರಿಂದ 20 ಸೆಂಟಿಮೀಟರ್ ಮಣ್ಣನ್ನು ಅಗೆದು ಸಡಿಲಿಸಿ, ಕಳಿತ ಗೊಬ್ಬರವನ್ನು ಪಾತಿಯ ಉದ್ದಗಲಕ್ಕೂ ಸೇರಿಸಿ, ಸುತ್ತಲಿನ ನೆಲಕ್ಕಿಂತ ಪಾತಿ ಸ್ವಲ್ಪ ಎತ್ತರವಾಗಿರುವಂತೆ ಮಾಡಿಕೊಳ್ಳಿ. ಇನ್ನು ಬೇರಿನ ವಿಷಯ: ನೆಲಕ್ಕೆ ಹೋಗುವ ಗಿಡ್ಡ ಸಸಿಗಳ ಹೆಂಟೆಯನ್ನು ಹಾಗೆಯೇ ಇಡುವುದಕ್ಕಿಂತ, ತಳ ಮತ್ತು ಬದಿಗಳನ್ನು ಬೆರಳಿನಿಂದ ತುಸು ಕೆದಕಿ ಬೇರಿನ ತುದಿಗಳು ಹೊಸ ಮಣ್ಣಿಗೆ ತಾಗುವಂತೆ ಮಾಡುವುದು ಮೇಲು ಎಂದು ನಾನು ನಂಬಿದ್ದೇನೆ. ಈ ತಳಿಯವು ಗಟ್ಟಿಮುಟ್ಟಾದವು, ಅಷ್ಟು ಕೆದಕಿದ್ದನ್ನು ತಡೆದುಕೊಳ್ಳುತ್ತವೆ. ರೆಕ್ಸ್‌ಗೆ ಈ ಮಾತು ಅನ್ವಯಿಸದು.

ಸಸಿಗಳ ನಡುವೆ 20ರಿಂದ 30 ಸೆಂಟಿಮೀಟರ್ ಅಂತರ ಬಿಡಿ. ಆರಂಭದಲ್ಲಿ ಪಾತಿ ಖಾಲಿ ಖಾಲಿಯಾಗಿ ಕಾಣುವುದರಿಂದ ಒತ್ತಾಗಿ ನೆಡುವ ಆಸೆಯಾಗುತ್ತದೆ, ಆದರೆ ಗಿಡಗಳು ಪೊದೆಯಾದಾಗ ನಡುವೆ ಗಾಳಿಯಾಡಲು ಆ ಅಂತರ ಬೇಕೇ ಬೇಕು. ಇದುವರೆಗೆ ನೆರಳಿನಲ್ಲಿದ್ದ ಸಸಿಗಳಾದರೆ ಒಂದು ವಾರದಿಂದ ಹತ್ತು ದಿನಗಳವರೆಗೆ ಕುಂಡದಲ್ಲಿರುವಾಗಲೇ ದಿನಕ್ಕಿಷ್ಟು ಹೊತ್ತೆಂದು ಹೊರಗಿನ ಬೆಳಕಿಗೆ ಒಗ್ಗಿಸಿ, ಆಮೇಲೆ ನೆಡಿ. ಇಲ್ಲದಿದ್ದರೆ ಎಲೆಗಳು ಸುಟ್ಟು ಬಿಳಿಚಿಕೊಳ್ಳುತ್ತವೆ. ಚಳಿ ಹೆಚ್ಚಿರುವ ಕಡೆ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ನಿಲ್ಲುವವರೆಗೆ ಕಾಯಬೇಕು. ಹಿಮ ಬಿದ್ದರೆ ಈ ಗಿಡಗಳು ಒಂದೇ ರಾತ್ರಿಯಲ್ಲಿ ಹೋಗುತ್ತವೆ.

ನೆಡಲು ಮೋಡದ ದಿನ ಅಥವಾ ಸಂಜೆಯ ಹೊತ್ತು ಉತ್ತಮ. ಅರಳಿದ ಹೂಗಳನ್ನೂ ಮೊಗ್ಗುಗಳನ್ನೂ ಚಿವುಟಿ ತೆಗೆದರೆ ಗಿಡದ ಶಕ್ತಿ ಬೇರಿಗೆ ಹೋಗುತ್ತದೆ. ನೋಡಲು ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಚಿವುಟಿ. ಕುಡಿಯನ್ನೂ ಸೇರಿಸಿ ಚಿವುಟಿದರೆ ಗಿಡ ಕವಲೊಡೆದು ತುಂಬಿಕೊಳ್ಳುತ್ತದೆ.

ಹೂಬಳ್ಳಿ

ಇಬ್ಬರಿಗೂ ಧನ್ಯವಾದಗಳು. ಪಾತಿಯ ಮಣ್ಣು ಜಿಗುಟೇ ಆದ್ದರಿಂದ ಇಡೀ ಪಾತಿಯನ್ನು ಅಗೆದು ಎತ್ತರಿಸುವ ಸಲಹೆ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಎತ್ತರದ ಗಿಡವನ್ನು ಕುಂಡದಿಂದ ಹೊರತೆಗೆದು ನೋಡಿದೆ. ಬೇರುಗಳು ಬಿಳಿಯಾಗಿಯೇ ಇವೆ, ತಳದಲ್ಲಿ ಮಾತ್ರ ದಟ್ಟವಾಗಿ ಸುತ್ತಿಕೊಂಡಿವೆ. ಆದರೆ ಹೆಂಟೆಯ ನಡುಭಾಗ ಪೂರ್ತಿ ಒಣಗಿದೆ. ಹಿಂದಿನ ದಿನ ನೀರು ಹಾಕಿದ್ದರೂ ಒಳಗೆ ಇಳಿದೇ ಇಲ್ಲ. ಇದನ್ನು ಹೀಗೆಯೇ ಹೊಸ ಕುಂಡಕ್ಕೆ ಹಾಕಬಹುದೇ? ಗಿಡದ ಕೆಳಭಾಗ ಎಲೆಗಳಿಲ್ಲದೆ ಬೋಳಾಗಿದೆ, ಇದೇ ಸಮಯದಲ್ಲಿ ಅದನ್ನು ಕತ್ತರಿಸಿ ಗಿಡ್ಡ ಮಾಡಬಹುದೇ ಎಂಬುದನ್ನೂ ತಿಳಿಸಿ. ಜಲ್ಲಿಯ ಪ್ರಶ್ನೆ ಮತ್ತು ಗೆಡ್ಡೆಯ ಪ್ರಶ್ನೆ ಇನ್ನೂ ಉಳಿದಿವೆ.

ಮಣ್ಣುವಾಸನೆ

ಒಣಗಿದ ಹೆಂಟೆಯನ್ನು ಹಾಗೆಯೇ ನೆಡಬಾರದು. ಪೀಟ್ (ಜೌಗು ನೆಲದಲ್ಲಿ ಕಳಿತ ಪಾಚಿಯ ಪುಡಿ) ಬೆರೆತ ಮಿಶ್ರಣ ಪೂರ್ತಿ ಒಣಗಿದರೆ ನೀರನ್ನು ಹೀರುವ ಬದಲು ಹೊರಗೆ ತಳ್ಳುತ್ತದೆ. ಮೇಲಿನಿಂದ ಹಾಕಿದ ನೀರು ಹೆಂಟೆಗೂ ಕುಂಡದ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿದು ಹೊರಟುಹೋಗುತ್ತದೆ. ನಿಮ್ಮ ಕುಂಡದಲ್ಲಿ ನೀರು ನಿಲ್ಲದೆ ಹರಿದುಹೋಗುತ್ತಿದ್ದುದಕ್ಕೆ ಕಾರಣ ಬೇರು ತುಂಬಿದ್ದು ಮಾತ್ರವಲ್ಲ, ಇದೂ ಹೌದು. ಗಿಡವನ್ನು ಹಳೆಯ ಕುಂಡದಲ್ಲೇ ಇಟ್ಟು, ಕುಂಡದ ಅರ್ಧ ಎತ್ತರಕ್ಕೆ ನೀರಿರುವ ಬಕೆಟ್ಟಿನಲ್ಲಿ ಕೂರಿಸಿ. ಮೇಲ್ಮಣ್ಣು ತೇವವಾಗುತ್ತಿದ್ದಂತೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ, ಹೊರತೆಗೆದು ಹೆಚ್ಚಿನ ನೀರು ಪೂರ್ತಿ ಬಸಿಯಲು ಬಿಡಿ. ಮರುದಿನ ಬದಲಾಯಿಸಿ.

ಕತ್ತರಿಸುವುದನ್ನು ಮುಂದಕ್ಕೆ ಹಾಕಿ. ಬೇರಿಗೂ ಪೆಟ್ಟು, ಎಲೆಗೂ ಪೆಟ್ಟು ಒಟ್ಟಿಗೆ ಬೀಳುವುದು ಬೇಡ. ಹೊಸ ಚಿಗುರು ಕಾಣಿಸಿಕೊಂಡ ಮೇಲೆ ಬೋಳಾದ ಕಾಂಡಗಳನ್ನು ಗಿಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಬುಡದಿಂದ ಹೊಸ ಕಾಂಡಗಳು ಏಳುತ್ತವೆ. ಕತ್ತರಿಸಿದ ತುದಿಗಳಲ್ಲಿ ಎರಡು ಮೂರು ಗಿಣ್ಣುಗಳಿದ್ದರೆ ಅವೂ ಸುಲಭವಾಗಿ ಬೇರು ಬಿಡುತ್ತವೆ. ಊರುಗೋಲನ್ನು ಮಾತ್ರ ಬದಲಾಯಿಸುವ ಹೊತ್ತಿನಲ್ಲೇ, ಹೆಂಟೆಯ ಹೊರಗೆ ಬರುವಂತೆ, ನೆಟ್ಟುಬಿಡಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಈ ಗಿಡದ ತಲೆ ಭಾರವಾದ್ದರಿಂದ ಹಗುರವಾದ ಪ್ಲಾಸ್ಟಿಕ್ ಕುಂಡಕ್ಕಿಂತ ಮಣ್ಣಿನ ಕುಂಡ ವಾಸಿ.

ಜಲ್ಲಿಯ ವಿಷಯ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬುದು ಬಹಳ ಹಳೆಯ ನಂಬಿಕೆ, ಆದರೆ ಅದು ಸರಿಯಲ್ಲ. ಸಣ್ಣ ಕಣಗಳ ಪದರದಲ್ಲಿರುವ ನೀರು ಕೆಳಗಿನ ದಪ್ಪ ಕಲ್ಲುಗಳ ಪದರಕ್ಕೆ ಸುಲಭವಾಗಿ ದಾಟುವುದಿಲ್ಲ. ಮೇಲಿನ ಪದರದ ತಳಭಾಗ ನೀರಿನಿಂದ ಪೂರ್ತಿ ತುಂಬಿದ ಮೇಲಷ್ಟೇ ಇಳಿಯತೊಡಗುತ್ತದೆ. ಜಲ್ಲಿಯಿಲ್ಲದ ಕುಂಡದಲ್ಲಿ ತೀರಾ ತಳದಲ್ಲಿ ಇರಬೇಕಾಗಿದ್ದ ಆ ನೀರು ತುಂಬಿದ ಪದರವು ಜಲ್ಲಿಯಿಂದಾಗಿ ಇನ್ನಷ್ಟು ಮೇಲಕ್ಕೆ, ಬೇರುಗಳ ಹತ್ತಿರಕ್ಕೇ ಬರುತ್ತದೆ. ಮೇಲುಮೇಲಿನ ಬೇರುಗಳ ಬೆಗೋನಿಯಾಕ್ಕೆ ಅದು ಹಾನಿಕರ. ಮಿಶ್ರಣ ಹೊರಬೀಳದಂತೆ ರಂಧ್ರದ ಮೇಲೆ ಒಂದು ತುಂಡು ಬಲೆ ಅಥವಾ ಒಡೆದ ಕುಂಡದ ಚೂರು ಇಟ್ಟರೆ ಸಾಕು. ಬಸಿಯುವ ಗುಣ ಮಿಶ್ರಣದಲ್ಲೇ ಇರಬೇಕು.

ರೆಕ್ಸ್ ಬಗ್ಗೆ ಎಲೆಬಣ್ಣ ಅವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಇಂದಿನ ರೆಕ್ಸ್ ತಳಿಗಳ ಮೂಲ ಗಿಡವು ಭಾರತದ ಈಶಾನ್ಯ ಭಾಗದ ತೇವದ ಕಾಡುಗಳದು. 1850ರ ದಶಕದಲ್ಲಿ ಅದು ಯೂರೋಪನ್ನು ತಲುಪಿದ ಬಳಿಕ ಬೇರೆ ಪ್ರಭೇದಗಳೊಡನೆ ಅಡ್ಡಹಾಯಿಸಿ ಈ ಬಣ್ಣಗಳನ್ನೆಲ್ಲ ಪಡೆದರು. ಬಣ್ಣ ಎಷ್ಟು ಬದಲಾದರೂ ಕಾಡಿನ ನೆರಳು ಮತ್ತು ಗಾಳಿಯ ತೇವವನ್ನು ಅದು ಈಗಲೂ ಬಯಸುತ್ತದೆ. ಕುಂಡದ ಅಂಚು ದಾಟಿರುವ ಆ ದಪ್ಪ ಕಾಂಡವನ್ನು ಮಣ್ಣಿನೊಳಗೆ ಹೂಳಬೇಡಿ. ಅದು ಮಣ್ಣಿನ ಮೇಲೆ ಮಲಗಿ, ಕೆಳಬದಿಯಿಂದ ಬೇರು ಬಿಡಬೇಕು. ಅಗಲವಾದ ಕುಂಡದಲ್ಲಿ, ಕಾಂಡದ ಹಿಂಬದಿಯನ್ನು ಅಂಚಿಗೆ ಸೇರಿಸಿ, ಬೆಳೆಯುವ ತುದಿಯ ಮುಂದೆ ಹೆಚ್ಚು ಜಾಗ ಬರುವಂತೆ ಕೂರಿಸಿ. ನೆಟ್ಟ ಮೊದಲ ವಾರ ಎಲೆಗಳಿಗೆ ತಾಗದಂತೆ ಪಾರದರ್ಶಕ ಚೀಲವನ್ನು ಸಡಿಲವಾಗಿ ಮುಚ್ಚಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿಡಿ. ದಿನಕ್ಕೊಮ್ಮೆ ಚೀಲ ತೆರೆದು ಗಾಳಿ ಬಿಡಬೇಕು.

ಗೆಡ್ಡೆಯ ಬೆಗೋನಿಯಾವನ್ನು ಈಗ ಮುಟ್ಟಬೇಡಿ. ಎಲೆ ಹಳದಿಯಾಗುತ್ತಿರುವುದು ರೋಗವಲ್ಲ, ಅದು ವಿಶ್ರಾಂತಿಗೆ ಹೋಗುತ್ತಿದೆ. ನೀರನ್ನು ಕ್ರಮೇಣ ಕಡಿಮೆ ಮಾಡಿ, ಕಾಂಡ ತಾನಾಗಿಯೇ ಕಳಚಿಕೊಂಡ ಮೇಲೆ ಗೆಡ್ಡೆಯನ್ನು ತೆಗೆದು, ಮಣ್ಣು ಒರೆಸಿ, ಕೆಲವು ದಿನ ನೆರಳಿನಲ್ಲಿ ಒಣಗಿಸಿ, ಒಣ ನಾರಿನ ಪುಡಿಯಲ್ಲಿ ತಂಪಾದ ಜಾಗದಲ್ಲಿಡಿ. ಕಾಂಡವನ್ನು ಬಲವಂತವಾಗಿ ಕಿತ್ತರೆ ಗೆಡ್ಡೆಯ ಮೇಲೆ ಗಾಯವಾಗಿ ಅಲ್ಲಿಂದಲೇ ಕೊಳೆ ಹತ್ತುತ್ತದೆ. ಗುಲಾಬಿ ಬಣ್ಣದ ಸಣ್ಣ ಮೊಳಕೆ ಕಾಣಿಸಿಕೊಂಡಾಗ ಹೊಸ ಮಿಶ್ರಣದಲ್ಲಿ, ಗುಳಿಯಿರುವ ಬದಿ ಮೇಲೆ ಬರುವಂತೆ, ಮೇಲೆ ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಬೀಳದಂತೆ ನೆಡಿ. ನೀರನ್ನು ಗುಳಿಯೊಳಗೆ ಸುರಿಯದೆ ಸುತ್ತಲೂ ಹಾಕಿ. ಮನೆಯಲ್ಲಿ ನಾಯಿ, ಬೆಕ್ಕುಗಳಿದ್ದರೆ ಗೆಡ್ಡೆಗಳನ್ನು ಅವುಗಳಿಗೆ ಎಟುಕದ ಕಡೆ ಇಡುವುದು ಮುಖ್ಯ. ಬೆಗೋನಿಯಾದಲ್ಲಿರುವ ಆಕ್ಸಲೇಟ್‌ಗಳು ಅವುಗಳಿಗೆ ವಿಷ, ನೆಲದೊಳಗಿನ ಭಾಗವೇ ಹೆಚ್ಚು ಅಪಾಯಕಾರಿ.

ಹೂಬಳ್ಳಿ

ತುಂಬ ಉಪಕಾರವಾಯಿತು. ಗಿಡ್ಡ ತಳಿಯವನ್ನು ಪಾತಿಯಲ್ಲಿ ನೆಟ್ಟಿದ್ದೇನೆ. ಅವುಗಳಲ್ಲಿ ಕೆಲವು ಮಧ್ಯಾಹ್ನ ಎಲೆ ಇಳಿಬಿಟ್ಟು ಬಾಡಿದಂತೆ ಕಾಣುತ್ತಿವೆ. ನೀರು ಹೆಚ್ಚಿಸಬೇಕೇ? ಎಲೆಗಳ ಮೇಲೂ ನೀರು ಚಿಮುಕಿಸಿದರೆ ತಂಪಾಗುತ್ತದೆಯೇ, ಅಥವಾ ಅದರಿಂದ ಬೂದಿರೋಗ ಬರುತ್ತದೆಯೇ? ಗೊಬ್ಬರವನ್ನು ಯಾವಾಗ ಕೊಡಬೇಕು?

ಎಲೆಬಣ್ಣ

ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಿದ್ದರೆ ಗಾಬರಿಪಡಬೇಕಾಗಿಲ್ಲ. ಬೇರು ಇನ್ನೂ ಹೊಸ ಮಣ್ಣನ್ನು ಹಿಡಿದಿಲ್ಲವಾದ್ದರಿಂದ ಬಿಸಿಲಿನ ಹೊತ್ತಿನಲ್ಲಿ ಎಲೆ ಕಳೆದುಕೊಳ್ಳುವಷ್ಟು ನೀರನ್ನು ಅದು ಒದಗಿಸಲಾರದು. ಕೆಲವು ದಿನ ಮಧ್ಯಾಹ್ನಕ್ಕೆ ನೆರಳು ಮಾಡಿಕೊಡಿ. ಬೆಳಗ್ಗೆಯೂ ಬಾಡಿಯೇ ಇದ್ದರೆ ಹೆಂಟೆಯೊಳಗೆ, ಪಕ್ಕದ ಮಣ್ಣಿನಲ್ಲಿ ಅಲ್ಲ, ಬೆರಳನ್ನು ಇಳಿಸಿ ನೋಡಿ. ಒಣಗಿದ್ದರೆ ಬುಡಕ್ಕೆ ಸಮೀಪದಲ್ಲಿ ನಿಧಾನವಾಗಿ ನೀರು ಕೊಡಿ. ಹಸಿಯಾಗಿದ್ದೂ ಬಾಡಿದ್ದರೆ ಬೇರು ಉಸಿರುಗಟ್ಟಿದೆ ಎಂದು ಅರ್ಥ. ಆಗ ಇನ್ನಷ್ಟು ನೀರು ಹಾಕಿದರೆ ಗಿಡ ಉಳಿಯುವುದಿಲ್ಲ. ಅಂಥ ಸಸಿಯನ್ನು ಎತ್ತಿ ಬೇರು ಪರೀಕ್ಷಿಸುವುದೇ ಸರಿ.

ಬೂದಿರೋಗದ ಬಗ್ಗೆ ಸಾಮಾನ್ಯವಾಗಿ ತಿಳಿದುಕೊಂಡಿರುವುದು ಪೂರ್ತಿ ನಿಜವಲ್ಲ. ಎಲೆಯ ಮೇಲೆ ಬಿಳಿ ಹಿಟ್ಟಿನ ಹಾಗೆ ಕಾಣುವ ಆ ಶಿಲೀಂಧ್ರಕ್ಕೆ ಎಲೆ ಒದ್ದೆಯಾಗಿರಬೇಕಾಗಿಲ್ಲ. ಗಾಳಿಯಾಡದ, ಒತ್ತಾದ, ತೇವ ತುಂಬಿದ ವಾತಾವರಣವೇ ಅದಕ್ಕೆ ಸಾಕು. ಎಲೆ ಒದ್ದೆಯಾಗಿ ಉಳಿದರೆ ಬರುವುದು ಬೇರೆ ರೋಗಗಳು: ಬೂದುಬಣ್ಣದ ಬೂಷ್ಟು ಮತ್ತು ಬ್ಯಾಕ್ಟೀರಿಯಾದ ಎಲೆಚುಕ್ಕೆ. ಆದ್ದರಿಂದ ಚಿಮುಕಿಸುವುದೂ ಬೇಡ, ಒತ್ತಾಗಿ ನೆಡುವುದೂ ಬೇಡ. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ಕೊಡಿ.

ಗೊಬ್ಬರಕ್ಕೆ ಆತುರ ಬೇಡ. ಗಾಯಗೊಂಡ ಸಣ್ಣ ಬೇರುಗಳಿಗೆ ಗೊಬ್ಬರದ ಲವಣ ತಾಗಿದರೆ ತುದಿಗಳು ಸುಟ್ಟುಹೋಗುತ್ತವೆ. ಮೂರು ನಾಲ್ಕು ವಾರ ಕಳೆದು ಹೊಸ ಎಲೆಗಳು ಬರತೊಡಗಿದ ಬಳಿಕ, ಪೊಟ್ಟಣದ ಮೇಲೆ ಹೇಳಿರುವ ಪ್ರಮಾಣದ ಅರ್ಧದಷ್ಟನ್ನು ನೀರಿನಲ್ಲಿ ಕರಗಿಸಿ, ಮಣ್ಣು ಮೊದಲೇ ತೇವವಾಗಿರುವಾಗ ಕೊಡಿ. ಪಾತಿಗೆ ಗೊಬ್ಬರ ಸೇರಿಸಿ ಸಿದ್ಧಪಡಿಸಿರುವುದರಿಂದ ಅಲ್ಲಿನ ಸಸಿಗಳಿಗೆ ಇನ್ನೂ ತಡವಾದರೂ ನಡೆಯುತ್ತದೆ. ಕುಂಡದ ಎರಡು ಗಿಡಗಳನ್ನು ಮಾತ್ರ ಮರೆಯಬೇಡಿ.